ಇಂಡೋನೇಷ್ಯಾದ ‘ಆರಿಸಾನ್!’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ದಾವಣಗೆರೆಯಲ್ಲಿ ತೋರಿಸಬೇಕು, ಎಲ್ಲಿಂದ ಶುರು ಮಾಡೋದು?

ಮಂಡಕ್ಕಿ_ಟಾಕೀಸ್ ಕೇಳಿದ್ದು

ದಾವಣಗೆರೆ ವಿದ್ಯಾನಗರದ ಕಡೆ ಒಂದು ಸಣ್ಣ ಸಭಾಂಗಣ. 60 ಪ್ಲಾಸ್ಟಿಕ್ ಕುರ್ಚಿ, ನೆಲ ಸಮತಟ್ಟು, ಪರದೆ 12 ಅಡಿ ಅಗಲ. ನಿಯಾ ದಿನಾತಾ ನಿರ್ದೇಶನದ ‘ಆರಿಸಾನ್!’ (2003) ತೋರಿಸುವ ಯೋಚನೆ ಇದೆ. ಜಕಾರ್ತಾದ ಉಳ್ಳವರ ಚೀಟಿ ಕೂಟ (‘ಆರಿಸಾನ್’ ಅಂದರೆ ಅದೇ), ಹೊರಗೆ ಥಳಕು ಒಳಗೆ ಬಿರುಕು ಬಿಟ್ಟ ಸಂಸಾರಗಳು, ಗಂಡಸು ಗಂಡಸಿನ ಮೇಲಿನ ಪ್ರೀತಿಯನ್ನು ಮುಚ್ಚಿಟ್ಟುಕೊಂಡು ಒದ್ದಾಡುವುದು, ಇಷ್ಟು ಕಥಾವಸ್ತು. ಬರುವವರಲ್ಲಿ ಅರ್ಧ ಜನ ಇಂಗ್ಲಿಷ್ ಸಬ್‌ಟೈಟಲ್ ಬೆನ್ನತ್ತಿ ಓದುವವರಲ್ಲ. ಹಾಗಾಗಿ ಕನ್ನಡದ್ದೇ ಬೇಕು.

ಇಂಗ್ಲಿಷ್ ಸಬ್‌ಟೈಟಲನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದರೆ ಸಾಕಲ್ಲವೇ? ಹೆಸರನ್ನು ‘ಚೀಟಿ’ ಅನ್ನಬಹುದೇ? ಕಾನೂನಿನ ತೊಡಕು ಏನು? ಯಂತ್ರದ ಕಡೆಯಿಂದ ಏನು ಕೆಡಬಹುದು? ಗೊತ್ತಿದ್ದವರು ಬಿಡಿಸಿ ಹೇಳ್ರೀ.

ಒತ್ತಕ್ಷರ

ಸಾಕಾಗಲ್ಲ. ಈ ಚಿತ್ರದ ಜೀವ ಇರುವುದೇ ಇಂಗ್ಲಿಷಿನಲ್ಲಿ ಸತ್ತುಹೋಗುವ ಜಾಗದಲ್ಲಿ.

ಇಂಡೋನೇಷ್ಯನ್ ಭಾಷೆಯಲ್ಲಿ ‘ದಿಯಾ’ ಅಂದರೆ ಅವನೂ ಹೌದು, ಅವಳೂ ಹೌದು. ಕ್ರಿಯಾಪದಕ್ಕೂ ಲಿಂಗ ಇಲ್ಲ. ‘ಪಚಾರ್’ ಅಂದರೆ ಪ್ರೀತಿಸುವ ವ್ಯಕ್ತಿ, ಹುಡುಗನೋ ಹುಡುಗಿಯೋ ಆ ಪದ ಹೇಳುವುದಿಲ್ಲ. ಅಂದರೆ ಸಲಿಂಗಿ ಗಂಡಸೊಬ್ಬ ತನ್ನ ತಾಯಿಯ ಎದುರು ಕೂತು ತನ್ನ ಪ್ರೇಮದ ಬಗ್ಗೆ ಒಂದೂ ಸುಳ್ಳು ಹೇಳದೆ ಹತ್ತು ನಿಮಿಷ ಮಾತಾಡಬಹುದು. ಇಂಗ್ಲಿಷ್ ಸಬ್‌ಟೈಟಲ್ ಬರೆದವರು ಪ್ರತಿ ಸಾಲಿಗೂ ಅವನು ಅಥವಾ ಅವಳು ಅಂತ ಒಂದನ್ನು ಆರಿಸಲೇಬೇಕು, ಆರಿಸಿದ ಕೂಡಲೇ ಗುಟ್ಟು ರಟ್ಟು. ನೀವು ಅಲ್ಲಿಂದ ಕನ್ನಡಕ್ಕೆ ತಂದರೆ ರಟ್ಟಾದ ಗುಟ್ಟನ್ನೇ ತರುತ್ತೀರಿ. ಕಥೆಯಲ್ಲಿ ಆ ಸಲಿಂಗಿ ಗಂಡಸು ಸಕ್ತಿ. ಅವನ ಆಪ್ತ ಗೆಳತಿ ಮೇಮೇಗೆ ನಿನೋ ಎಂಬವನ ಮೇಲೆ ಮನಸ್ಸು, ನಿನೋಗೆ ಸಕ್ತಿಯ ಮೇಲೆ. ಯಾರಿಗೆ ಎಷ್ಟು ಗೊತ್ತು ಅನ್ನುವುದರ ಮೇಲೇ ಕಥೆ ನಿಂತಿದೆ.

ಕನ್ನಡಕ್ಕೆ ಒಂದು ಅನುಕೂಲ ಇದೆ: ‘ಅವರು’. ಅವರು ಬಂದಿದ್ದರು, ಅವರು ಫೋನ್ ಮಾಡಿದ್ದರು, ಲಿಂಗ ಕಾಣಲ್ಲ. ಆದರೆ ಅದನ್ನೇ ಎಲ್ಲ ಕಡೆ ಬಳಿದರೆ ಬೇರೆ ಎಡವಟ್ಟು. ನಮ್ಮ ಕಡೆ ಮದುವೆಯಾದ ಹೆಂಗಸು ‘ಅವರು’ ಅಂದರೆ ಗಂಡ ಅಂತಲೇ ಅರ್ಥ. ಮೇಮೇ ಬಾಯಲ್ಲಿ ‘ಅವರು’ ಬಂದರೆ ಸಭಾಂಗಣದ ಅರ್ಧ ಜನ ಗಂಡನ ಸುದ್ದಿ ಅಂದುಕೊಳ್ಳುತ್ತಾರೆ. ಅಂಥ ಕಡೆ ಸರ್ವನಾಮವನ್ನೇ ಕಿತ್ತುಹಾಕಿ, ಕ್ರಿಯಾಪದವನ್ನು ನಪುಂಸಕಕ್ಕೆ ತಿರುಗಿಸಿ. ‘ನಿನ್ನೆ ಅವನನ್ನು ನೋಡಿದೆ’ ಬದಲು ‘ನಿನ್ನೆ ಭೇಟಿ ಆಯ್ತು’. ‘ಅವಳು ಫೋನ್ ಮಾಡಿದ್ದಳು’ ಬದಲು ‘ಫೋನ್ ಬಂದಿತ್ತು’. ‘ನನಗೊಬ್ಬ ಸಿಕ್ಕಿದ್ದಾನೆ’ ಬದಲು ‘ಮನಸ್ಸು ಒಂದು ಕಡೆ ನಿಂತಿದೆ’. ಗುಟ್ಟು ಬಯಲಾದ ಮೇಲೆ ಧಾರಾಳವಾಗಿ ಅವನು ಅನ್ನಿ. ಆ ಬದಲಾವಣೆ ಯಾವ ಸಾಲಿನಿಂದ ಶುರುವಾಗಬೇಕು ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಇಬ್ಬರು ಕೂತು ಅನುವಾದ ಮಾಡುವಾಗ ಒಬ್ಬರು ಅವನು, ಇನ್ನೊಬ್ಬರು ಅವರು ಬರೆದು ಕೆಡುವುದು ಇಲ್ಲೇ.

ಎರಡನೆಯದು ‘ಗುವೆ – ಲೋ’ ಮತ್ತು ‘ಆಕು – ಕಾಮು’. ಎರಡೂ ನಾನು – ನೀನು. ಜಕಾರ್ತಾದಲ್ಲಿ ಗೆಳೆಯರು ಗುವೆ, ಲೋ ಅಂತ ಆಡಿಕೊಳ್ಳುತ್ತಾರೆ. ಅದೇ ಇಬ್ಬರು ಒಂದು ದಿನ ಆಕು, ಕಾಮು ಅನ್ನತೊಡಗಿದರೆ ಅಲ್ಲಿ ಏನೋ ಹುಟ್ಟಿದೆ ಎಂದು ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇದು ಪೂರ್ತಿ ಮಾಯ. ನಮ್ಮಲ್ಲಿ ನೀನು ಮತ್ತು ನೀವು ಇದ್ದರೂ ಇಲ್ಲಿ ಕೆಲಸಕ್ಕೆ ಬರಲ್ಲ, ಯಾಕೆಂದರೆ ಗೆಳೆಯರೂ ನೀನು, ಪ್ರೇಮಿಗಳೂ ನೀನು. ಕೆಲಸಕ್ಕೆ ಬರುವುದು ಬಾಲ. ಗೆಳೆತನದಲ್ಲಿ ‘ಬಾರೋ’, ‘ಏನೋ’, ‘ಹೌದು ಕಣೋ’ ಇರಲಿ. ಆಕು – ಕಾಮು ಶುರುವಾದ ಕಡೆಯಿಂದ ಆ ಬಾಲಗಳನ್ನು ಕತ್ತರಿಸಿ. ಬರೀ ‘ಬಾ’. ಬರೀ ‘ಹೌದು’. ಓದುವವರಿಗೆ ಕಾರಣ ಗೊತ್ತಾಗದಿದ್ದರೂ ದನಿ ತಗ್ಗಿದ್ದು ಗೊತ್ತಾಗುತ್ತದೆ.

ಕೆಲಸದ ಕ್ರಮ ಹೀಗೆ. ಹಕ್ಕುದಾರರಿಂದ ಸಮಯ ಸಮೇತ ಇಂಡೋನೇಷ್ಯನ್ ಸಂಭಾಷಣೆ ಪಟ್ಟಿ ಕೇಳಿ, ಬರೀ ಇಂಗ್ಲಿಷ್ ತಗೋಬೇಡಿ. ನಾಲ್ಕು ಕಂಬಸಾಲಿನ ಹಾಳೆ ಮಾಡಿ: ಸಮಯ, ಮೂಲ, ಇಂಗ್ಲಿಷ್, ಕನ್ನಡ. ಮೂಲದ ಕಂಬಸಾಲಿನಲ್ಲಿ ದಿಯಾ, ಗುವೆ, ಲೋ, ಆಕು, ಕಾಮು, ಪಚಾರ್, ಜಂಡಾ, ಈ ಏಳನ್ನು ಹುಡುಕಿ ಬಣ್ಣ ಹಚ್ಚಿ. ‘ದಿಯಾ’ ಕೆಲವು ಕಡೆ ಕ್ರಿಯಾಪದಕ್ಕೆ ಅಂಟಿಕೊಂಡ ‘-ನ್ಯಾ’ ರೂಪದಲ್ಲಿ ಬರುತ್ತದೆ, ಅದನ್ನೂ ನೋಡಿ. ‘ಜಂಡಾ’ ಅಂದರೆ ವಿಧವೆಯೂ ಹೌದು, ವಿಚ್ಛೇದನ ಆದವಳೂ ಹೌದು. ಕನ್ನಡದಲ್ಲಿ ತಪ್ಪು ಆರಿಸಿದರೆ ಬದುಕಿರುವ ಗಂಡನನ್ನು ಸಾಯಿಸಿಬಿಡುತ್ತೀರಿ. ಬಣ್ಣ ಹಚ್ಚಿದ ಸಾಲುಗಳನ್ನಷ್ಟೇ ಇಂಡೋನೇಷ್ಯನ್ ಬಲ್ಲವರೊಬ್ಬರಿಗೆ ತೋರಿಸಿದರೆ ಸಾಕು, ಇಡೀ ಚಿತ್ರ ಅವರ ತಲೆಗೆ ಕಟ್ಟಬೇಕಿಲ್ಲ.

ಮಾತು ಜಾಸ್ತಿ ಇರುವ ಎರಡು ತಾಸಿನ ಚಿತ್ರಕ್ಕೆ 1,500ರ ಆಸುಪಾಸು ಸಬ್‌ಟೈಟಲ್ ಬರುತ್ತವೆ. ತಾಸಿಗೆ 70 ಅಂತ ಹಿಡಿದರೂ ಮೊದಲ ಕರಡಿಗೇ 21 ತಾಸು. ತಿದ್ದುವುದಕ್ಕೆ ಅದರ ಅರ್ಧ ಸೇರಿಸಿಕೊಳ್ಳಿ.

ಕೋಟೆಬಾಗಿಲು

ಚಿತ್ರದುರ್ಗದಿಂದ ಒಂದು ತಕರಾರು. ಬಾಲ ಕತ್ತರಿಸುವ ಉಪಾಯ ಚೆನ್ನಾಗಿದೆ, ಆದರೆ ಅದನ್ನು ಓದಿ ಹುಮ್ಮಸ್ಸಿನಲ್ಲಿ ಪಾತ್ರಗಳಿಗೆ ‘ಬಾರ್ಲೇ, ಏನ್ಲೇ’ ಅಂತ ನಮ್ಮ ಸೀಮೆಯ ಮಾತು ಹಾಕಿಬಿಡಬೇಡಿ. ಇವರು ಜಕಾರ್ತಾದ ಮೇಲುವರ್ಗ, ಮಾತಿನ ನಡುವೆ ಇಂಗ್ಲಿಷ್ ಸುರಿಯುವವರು. ಕನ್ನಡದಲ್ಲಿ ಅದಕ್ಕೆ ಹೊಂದುವುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಕನ್ನಡ. ‘ಸ್ಟ್ರೆಸ್’, ‘ಪಾರ್ಟಿ’, ‘ಡಾರ್ಲಿಂಗ್’ ಅಂಥವು ಹಾಗೇ ಇರಲಿ. ಸೀಮೆಯ ಸೊಗಡನ್ನು ಸಕ್ತಿಯ ತಾಯಿಗೆ ಉಳಿಸಿಕೊಳ್ಳಿ. ಅವರದು ಬಾತಾಕ್ ಮನೆತನ, ಸುಮಾತ್ರಾ ದ್ವೀಪದ ಒಂದು ಜನಾಂಗ. ಬಾತಾಕರಲ್ಲಿ ‘ಮಾರ್ಗಾ’ ಅಂತ ಕುಲದ ಹೆಸರು ತಂದೆಯ ಕಡೆಯಿಂದ ಗಂಡುಮಕ್ಕಳ ಮೂಲಕ ಇಳಿಯುತ್ತದೆ. ಮಗ ಮದುವೆಯಾಗಲ್ಲ ಅಂದರೆ ತಾಯಿಗೆ ಅದು ಬರೀ ಮೊಮ್ಮಗುವಿನ ಆಸೆಯ ಪ್ರಶ್ನೆ ಅಲ್ಲ. ಮಾರ್ಗಾವನ್ನು ‘ಮನೆತನ’ ಅಂದರೆ ಸಪ್ಪೆ, ‘ಗೋತ್ರ’ ಅಂದರೆ ವೈದಿಕ ವಾಸನೆ. ‘ಬೆಡಗು’ ಅನ್ನಿ. ನಮ್ಮ ಕಡೆ ಎಲ್ಲರಿಗೂ ಗೊತ್ತು, ತಂದೆಯ ಕಡೆಯಿಂದಲೇ ಬರುತ್ತದೆ, ಒಂದೇ ಬೆಡಗಿನಲ್ಲಿ ಮದುವೆ ಇಲ್ಲ ಎಂಬುದೂ ಎರಡೂ ಕಡೆ ಒಂದೇ.

ಇನ್ನು ದಾಂಪತ್ಯದ್ರೋಹದ ಪದಗಳು. ಇಂಡೋನೇಷ್ಯನ್ನಿನಲ್ಲಿ ‘ಸೆಲಿಂಕುಹ್’ ದಿನಬಳಕೆಯದು, ‘ಜಿನಾ’ ಧರ್ಮ ಮತ್ತು ಕಾನೂನಿನದು. ‘ಹಾದರ’ ಎಂಬುದನ್ನು ‘ಜಿನಾ’ಕ್ಕೆ ಮಾತ್ರ ಮೀಸಲಿಡಿ. ‘ಸೆಲಿಂಕುಹ್’ಗೆ ಪತ್ರಿಕೆಯವರ ‘ಅನೈತಿಕ ಸಂಬಂಧ’ ಹಾಕಿದರೆ ಗೆಳತಿಯ ಬಾಯಲ್ಲಿ ಪೊಲೀಸ್ ಠಾಣೆಯ ಭಾಷೆ ಕೂರುತ್ತದೆ. ‘ಅಕ್ರಮ’ ಅಂತೂ ನಮ್ಮ ಕಾನೂನಿನ ಪ್ರಕಾರವೇ ತಪ್ಪು, ಕೆಳಗೆ ಯಾರಾದರೂ ವಿವರಿಸುತ್ತಾರೆ. ‘ಗಂಡನಿಗೆ ಬೇರೆ ಕಡೆ ಇದೆ’, ಇಷ್ಟೇ. ಮೂರು ಹೆಂಗಸರು ಕೂತ ಕಡೆ ಮಾತು ಬರುವುದೇ ಹೀಗೆ. ಅಂದಹಾಗೆ ‘ಇಟ್ಟುಕೊಂಡಿದ್ದಾನೆ’ ಎಂಬ ಕ್ರಿಯಾಪದ ಗಂಡಸಿಗೆ ಸಲೀಸು, ಹೆಂಗಸು ಕರ್ತೃವಾದರೆ ಬೈಗುಳದ ಹಾಗೆ ಕೇಳುತ್ತದೆ. ಹೆಂಡತಿಯ ಕಡೆಯದಕ್ಕೂ ‘ಬೇರೆ ಕಡೆ ಇದೆ’ ಎಂದೇ ಹಾಕಿ, ತಕ್ಕಡಿ ಸಮ ಇರುತ್ತದೆ.

ಹೆಣ್ಣಿನ ಹಾವಭಾವದ ಗಂಡಸನ್ನು ‘ಬಂಚಿ’ ಎಂದು ಹೀಯಾಳಿಸುವ ಮಾತು ಬಂದರೆ ‘ಜೋಗಪ್ಪ’ ಅಂತ ಮಾತ್ರ ಬರೆಯಬೇಡಿ. ಅದು ಸವದತ್ತಿ ಎಲ್ಲಮ್ಮನ ಪರಂಪರೆಗೆ ಸೇರಿದ ಹೆಸರು, ಬೈಗುಳವಲ್ಲ.

ಹೆಸರು: ‘ಚೀಟಿ’ ಸರಿ, ಆದರೆ ಯಾವ ಚೀಟಿ? ದಾವಣಗೆರೆಯಲ್ಲಿ ಚೀಟಿ ಅಂದರೆ ಹರಾಜು ಚೀಟಿ ಮೊದಲು ನೆನಪಾಗುತ್ತದೆ, ಅವಸರ ಇದ್ದವನು ಕಡಿಮೆಗೆ ಕೂಗಿ ಎತ್ತುವುದು, ಉಳಿದವರು ಲಾಭ ಹಂಚಿಕೊಳ್ಳುವುದು. ಆರಿಸಾನ್‌ನಲ್ಲಿ ಹರಾಜು ಇಲ್ಲ, ಬಡ್ಡಿಯೂ ಇಲ್ಲ. 12 ಜನ ತಿಂಗಳಿಗೆ 1,000 ಹಾಕಿದರೆ ಡಬ್ಬಿ ಅಲ್ಲಾಡಿಸಿ ಒಂದು ಹೆಸರು ಎತ್ತುತ್ತಾರೆ, ಅವರಿಗೆ 12,000. ಒಮ್ಮೆ ಬಂದ ಹೆಸರು ಮತ್ತೆ ಡಬ್ಬಿಗೆ ಹೋಗಲ್ಲ, 12 ತಿಂಗಳಿಗೆ ಎಲ್ಲರದೂ ಮುಗಿಯುತ್ತದೆ. ಹಣಕ್ಕಿಂತ ಸೇರುವುದು, ತಿನ್ನುವುದು, ಒಬ್ಬರ ಮನೆಯನ್ನು ಇನ್ನೊಬ್ಬರು ಅಳೆಯುವುದು ಮುಖ್ಯ. ಹಾಗಾಗಿ ‘ಚೀಟಿ ಎತ್ತುವ ದಿನ’ ಅಂತಲೋ, ಮೂಲದ ಹೆಸರನ್ನೇ ಇಟ್ಟು ಕೆಳಗೆ ‘ಒಂದು ಚೀಟಿ ಕೂಟದ ಕಥೆ’ ಅಂತಲೋ ಹಾಕಿ. ಬರೀ ‘ಚೀಟಿ’ ಅಂತ ಪೋಸ್ಟರ್ ಅಂಟಿಸಿದರೆ ಚೀಟಿ ಕಂಪನಿ ಮುಳುಗಿದ ಕಥೆ ಅಂದುಕೊಂಡು ದುಡ್ಡು ಕಳೆದುಕೊಂಡವರೆಲ್ಲ ಬರುತ್ತಾರೆ.

ಕಾಯ್ದೆಕಟ್ಟು

ಎರಡು ಬೇರೆ ಬೇರೆ ಬೀಗ ಇವೆ, ಒಂದೇ ಕೀಲಿ ಎರಡಕ್ಕೂ ಹತ್ತಲ್ಲ.

ಮೊದಲನೆಯದು ಹಕ್ಕು. ಮನೆಗೆ ತಂದ ಡಿವಿಡಿ, ಮೊಬೈಲಿನ ಒಟಿಟಿ ಚಂದಾ, ಎರಡೂ ಮನೆಯಲ್ಲಿ ನೋಡಲಿಕ್ಕೆ. ಟಿಕೆಟ್ ಇಡದಿದ್ದರೂ 60 ಜನರಿಗೆ ತೋರಿಸಲು ಲಿಖಿತ ಅನುಮತಿ ಬೇಕು. ನಿರ್ಮಾಣ ಸಂಸ್ಥೆ ಕಲ್ಯಾಣ ಶಿರಾ ಫಿಲ್ಮ್ಸ್, ಜಕಾರ್ತಾ. ಪತ್ರದಲ್ಲಿ ಊರು, ದಿನ, ಎಷ್ಟು ಕುರ್ಚಿ, ಎಷ್ಟು ಪ್ರದರ್ಶನ, ಟಿಕೆಟ್ ಇಲ್ಲ ಎಂಬುದು ಇಷ್ಟನ್ನೂ ಬರೆಯಿರಿ. ಕನ್ನಡ ಸಬ್‌ಟೈಟಲ್ ಮಾಡಲು ಮತ್ತು ಅದನ್ನು ಚಿತ್ರದ ಮೇಲೆ ಅಚ್ಚೊತ್ತಲು ಅನುಮತಿಯನ್ನು ಪ್ರತ್ಯೇಕ ವಾಕ್ಯದಲ್ಲಿ ಕೇಳಿ. ಪ್ರದರ್ಶನಕ್ಕೆ ಒಪ್ಪಿದ ಮಾತ್ರಕ್ಕೆ ಅನುವಾದಕ್ಕೆ ಒಪ್ಪಿದಂತಾಗಲ್ಲ. ಕಾಲೇಜಿನೊಳಗೆ ತೋರಿಸುವುದಾದರೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು. ಊರವರಿಗೆ ಬಾಗಿಲು ತೆರೆದರೆ ಆ ವಿನಾಯಿತಿ ಹೋಯಿತು.

ಎರಡನೆಯದು ಸೆನ್ಸಾರ್. 1952ರ ಸಿನಿಮಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ವಿನಾಯಿತಿ ಕೊಡುವ ಅಧಿಕಾರ 9ನೇ ಸೆಕ್ಷನ್ನಿನಲ್ಲಿ ಕೇಂದ್ರ ಸರ್ಕಾರಕ್ಕೆ ಇದೆ, ಚಿತ್ರೋತ್ಸವಗಳು ನಡೆಯುವುದು ಈ ದಾರಿಯಲ್ಲೇ. ಸಣ್ಣ ಗುಂಪಿಗೆ ಸುಲಭವಾದದ್ದು ಫಿಲ್ಮ್ ಸೊಸೈಟಿ ದಾರಿ: ನೋಂದಣಿ ಮಾಡಿಸಿ, ಫಿಲ್ಮ್ ಸೊಸೈಟಿಗಳ ಒಕ್ಕೂಟಕ್ಕೆ ಸೇರಿ, ಅವರ ಮೂಲಕ ಸದಸ್ಯರಿಗಷ್ಟೇ ತೋರಿಸುವುದು. ಸದಸ್ಯತ್ವದ ಪುಸ್ತಕ ಬಾಗಿಲಲ್ಲಿ ಇರಲಿ, 18 ದಾಟಿದವರಿಗೆ ಮಾತ್ರ ಪ್ರವೇಶ. ಕೆಡುವುದು ಎಲ್ಲಿ ಅಂದರೆ, ಸದಸ್ಯರಿಗೆ ಮಾತ್ರ ಎಂದು ಬರೆದುಕೊಂಡು ವಾಟ್ಸಾಪಿನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಹಾಕುತ್ತಾರಲ್ಲ, ಅಲ್ಲಿ. ಯಾರಾದರೂ ದೂರು ಕೊಟ್ಟರೆ ಮೊದಲು ಮುಂದೆ ಬರುವುದು ಅದೇ ಸಂದೇಶ.

ಚಿತ್ರ ಮುಗಿದ ಮೇಲೆ ಚರ್ಚೆ ಇಟ್ಟರೆ ಕಾನೂನಿನ ಮಾತು ಬಂದೇ ಬರುತ್ತದೆ, ಒಂದಷ್ಟು ನೆನಪಿಟ್ಟುಕೊಳ್ಳಿ. ಈ ಚಿತ್ರ ಬಂದ 2003ರಲ್ಲಿ ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ದಂಡಸಂಹಿತೆಯ 377ನೇ ಸೆಕ್ಷನ್ ಪೂರ್ತಿ ಜೀವಂತ ಇತ್ತು. ಇಂಡೋನೇಷ್ಯಾದ ರಾಷ್ಟ್ರೀಯ ದಂಡಸಂಹಿತೆಯಲ್ಲಿ ವಯಸ್ಕರ ಸಲಿಂಗ ಸಂಬಂಧ ಅಪರಾಧವೇ ಆಗಿರಲಿಲ್ಲ. ನಮಗೆ ಬ್ರಿಟಿಷರ ಕಾನೂನು ಸಿಕ್ಕಿತು, ಅವರಿಗೆ ಡಚ್ಚರದು. ಸುಮಾತ್ರಾದ ‘ಆಚೆ’ (Aceh) ಎಂಬ ಪ್ರಾಂತವನ್ನು ಮಾತ್ರ ಬೇರೆಯಾಗಿ ನೋಡಬೇಕು, ಅಲ್ಲಿ 2014ರ ಕಾನೂನಿನ ಪ್ರಕಾರ ಛಡಿ ಏಟಿನ ಶಿಕ್ಷೆ ಇದೆ.

ದಾಂಪತ್ಯದ್ರೋಹದಲ್ಲಿ ತಿರುವುಮುರುವು. ನಮ್ಮ 497ನೇ ಸೆಕ್ಷನ್ ಪರಪುರುಷನಿಗೆ ಮಾತ್ರ 5 ವರ್ಷದವರೆಗೆ ಶಿಕ್ಷೆ ಇಟ್ಟಿತ್ತು, ಹೆಂಗಸಿಗೆ ಇರಲಿಲ್ಲ. ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಅಲ್ಲ, ಹೆಂಡತಿ ಅವನ ಆಸ್ತಿ ಎಂಬ ಲೆಕ್ಕ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 377ನ್ನು ವಯಸ್ಕರ ಮಟ್ಟಿಗೆ ಸಡಿಲಿಸಿ, ಅದೇ ತಿಂಗಳು 497ನ್ನು ಪೂರ್ತಿ ಹೊಡೆದುಹಾಕಿತು. ಈಗ ವಿಚ್ಛೇದನಕ್ಕೆ ಅದು ಕಾರಣ ಆದೀತು, ಜೈಲಿಗೆ ಅಲ್ಲ. ಇಂಡೋನೇಷ್ಯಾದಲ್ಲಿ ಹಳೆಯ 284ನೇ ವಿಧಿ ಗಂಡು ಹೆಣ್ಣು ಇಬ್ಬರಿಗೂ 9 ತಿಂಗಳವರೆಗೆ ಅನ್ನುತ್ತಿತ್ತು. 2022ರ ಡಿಸೆಂಬರಿನಲ್ಲಿ ಒಪ್ಪಿದ ಹೊಸ ಸಂಹಿತೆಯ 411ನೇ ವಿಧಿ ಮದುವೆಯ ಹೊರಗಿನ ಸಂಬಂಧಕ್ಕೆ 1 ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಜಾರಿ 2026ರ ಜನವರಿ 2ರಿಂದ. ‘ಪ್ರವಾಸಿಗರನ್ನೆಲ್ಲ ಹಿಡಿಯುತ್ತಾರೆ’ ಎಂಬ ಸುದ್ದಿ ಓಡಾಡಿತ್ತಲ್ಲ, ಅದು ಅತಿಯಾಯ್ತು. ಗಂಡ ಅಥವಾ ಹೆಂಡತಿ, ಮದುವೆಯಾಗದವರಾದರೆ ತಂದೆತಾಯಿ ಅಥವಾ ಮಕ್ಕಳು, ಇವರು ದೂರು ಕೊಟ್ಟರೆ ಮಾತ್ರ ಮೊಕದ್ದಮೆ.

ಮಂಡಕ್ಕಿ_ಟಾಕೀಸ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ನಮಸ್ಕಾರ. ಮಾದರಿಗೆ ಹತ್ತು ನಿಮಿಷದ ಸಬ್‌ಟೈಟಲ್ ಮಾಡಿ ನೋಡಿದರೆ ಮೂರು ತೊಂದರೆ. ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಬರೀ ಚೌಕ ಚೌಕ. ಲ್ಯಾಪ್‌ಟಾಪಿನಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಇಂಗ್ಲಿಷ್ ಸಮಯದ ಪಟ್ಟಿ ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ.

ಹಿಂದಿನಸಾಲು

ಚೌಕ: ಟಿವಿಯೊಳಗೆ ಕನ್ನಡ ಫಾಂಟ್ ಇಲ್ಲ, ಅದಕ್ಕೆ ಮದ್ದಿಲ್ಲ. ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಹೊಸ ಫೈಲ್ ಮಾಡಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿ. ಸಬ್‌ಟೈಟಲ್ ಎಡಿಟ್ ಅಥವಾ ಏಜಿಸಬ್‌ನಲ್ಲಿ ತಿದ್ದಿ, ಎಎಸ್‌ಎಸ್ ರೂಪದಲ್ಲಿ ಉಳಿಸಿ, ಎಫ್‌ಎಫ್‌ಎಂಪೆಗ್‌ನಿಂದ ಅಚ್ಚೊತ್ತುವುದು ಉಚಿತ ದಾರಿ. ಪೂರ್ತಿ ಚಿತ್ರಕ್ಕೆ ಹಾಕುವ ಮೊದಲು ‘ಸ್ತ್ರೀ’, ‘ಅರ್ಥ’, ‘ಕಷ್ಟ’, ‘ಇಷ್ಟಕ್ಕೆ’, ಈ ನಾಲ್ಕು ಪದ ಇರುವ ಒಂದು ನಿಮಿಷದ ತುಣುಕು ಮಾಡಿ ನೋಡಿ. ಒತ್ತು ಬಿಡಿಬಿಡಿಯಾಗಿ ಅರ್ಧಾಕ್ಷರದ ಗುರುತು (್) ಸಮೇತ ಕಂಡರೆ ಆ ತಂತ್ರಾಂಶಕ್ಕೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಭಾಗ ಇಲ್ಲ ಅಂತ ಅರ್ಥ, ಬೇರೆ ಆವೃತ್ತಿ ಹಾಕಿ.

ಒತ್ತು ಬಡಿಯುವುದು: ಸಾಲಿನ ಅಂತರ ಇಂಗ್ಲಿಷಿಗೆ ಅಂತ ಇಟ್ಟದ್ದು. ಅದನ್ನು ಅಕ್ಷರದ ಎತ್ತರದ ಒಂದೂವರೆಯಷ್ಟಕ್ಕೆ ಏರಿಸಿ. ತಂತ್ರಾಂಶ ಬಿಡದಿದ್ದರೆ ಎರಡು ಸಾಲನ್ನು ಎರಡು ಬೇರೆ ಸಬ್‌ಟೈಟಲ್ ಮಾಡಿ ಎತ್ತರ ಬೇರೆ ಬೇರೆ ಕೊಡಿ. ನೋಟೋ ಸಾನ್ಸ್ ಕನ್ನಡ, ದಪ್ಪ, ಬಿಳಿ. ಕಪ್ಪು ಅಂಚು 2 ಅಥವಾ 3 ಪಿಕ್ಸೆಲ್ ಸಾಕು, ಹೆಚ್ಚಾದರೆ ‘ಥ’, ‘ಧ’, ‘ಢ’ ಒಳಗೆಲ್ಲ ಮಸಿ ತುಂಬಿ ಒಂದೇ ಥರ ಕಾಣುತ್ತವೆ. 1080 ಎತ್ತರದ ಚಿತ್ರಕ್ಕೆ ಅಕ್ಷರ 60 ಪಿಕ್ಸೆಲ್.

ಉದ್ದ: ತಂತ್ರಾಂಶ ತೋರಿಸುವ ‘ಸೆಕೆಂಡಿಗೆ ಇಷ್ಟು ಅಕ್ಷರ’ ಲೆಕ್ಕ ನಂಬಬೇಡಿ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಅದಕ್ಕೆ ಆರು. ಸಾಲಿಗೆ 22 ಅಕ್ಷರ, ಎರಡೇ ಸಾಲು, ಸೆಕೆಂಡಿಗೆ 9 ಅಕ್ಷರ ಮೀರದ ಹಾಗೆ ಕೈಯಲ್ಲೇ ಎಣಿಸಿ. ತುಂಬಿದ ಎರಡು ಸಾಲಿಗೆ 5 ಸೆಕೆಂಡ್ ಬೇಕಾಗುತ್ತದೆ. ಸಮಯ ಇಲ್ಲದಿದ್ದರೆ ಮಾತನ್ನು ಕತ್ತರಿಸಿ, ವೇಗ ಹೆಚ್ಚಿಸಬೇಡಿ.

ಹಿಂದೆ ಬೀಳುವುದು: ಇಂಡೋನೇಷ್ಯಾ ಪಾಲ್ ಎಂಬ ಟಿವಿ ಪದ್ಧತಿಯ ದೇಶ, ಅಲ್ಲಿನ ಡಿವಿಡಿ ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್) ಓಡುತ್ತದೆ. ನಿಮ್ಮ ಪಟ್ಟಿ 23.976ಕ್ಕೆ ಮಾಡಿದ್ದು ಇರಬೇಕು. ವ್ಯತ್ಯಾಸ ನೂರಕ್ಕೆ ನಾಲ್ಕು ಚಿಲ್ಲರೆ, 120 ನಿಮಿಷದ ಚಿತ್ರದ ಕೊನೆಗೆ ಸುಮಾರು 5 ನಿಮಿಷ ತಪ್ಪುತ್ತದೆ. ಮೊದಲ ಮಾತು ಮತ್ತು ಕೊನೆಯ ಮಾತು ಎರಡನ್ನೂ ಪರೀಕ್ಷಿಸಿ. ಎರಡೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರೆ ಸಾಕು. ಹೋಗ್ತಾ ಬೆಳೆದರೆ ಚೌಕಟ್ಟಿನ ವೇಗ ಬದಲಿಸುವ ಆಯ್ಕೆ ಬಳಸಿ, ಕೈಯಿಂದ ಸಾಲು ಸಾಲು ಸರಿಸಿ ಬೆನ್ನು ಮುರಿದುಕೊಳ್ಳಬೇಡಿ.

ಯಾರೂ ಯೋಚಿಸದ ಸಂಗತಿ ತಲೆಗಳದ್ದು. ಸಮತಟ್ಟು ನೆಲದಲ್ಲಿ ಕೂತವರ ತಲೆ ನಾಲ್ಕು ಅಡಿಗೆ ಬರುತ್ತದೆ, ಹಿಂದಿನವರಿಗೆ ಮೊದಲು ಮರೆಯಾಗುವುದೇ ಸಬ್‌ಟೈಟಲ್. ಪರದೆಯ ಕೆಳ ಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರಲಿ. ಚಾವಣಿ ಬಿಡದಿದ್ದರೆ ಅಕ್ಷರಗಳನ್ನೇ ಚಿತ್ರದ ಎತ್ತರದ ನೂರಕ್ಕೆ 12ರಷ್ಟು ಮೇಲೆತ್ತಿ. ಹಿಂದಿನ ಸಾಲಿನ ಕುರ್ಚಿ ಮುಂದಿನ ಎರಡು ಕುರ್ಚಿಗಳ ನಡುವೆ ಬರುವ ಹಾಗೆ ಹಾಕಿ.

ಧ್ವನಿ 5.1 (ಆರು ವಾಹಿನಿಯದು) ಇದ್ದು ನಿಮ್ಮದು ಎರಡೇ ಸ್ಪೀಕರ್ ಆದರೆ ಸಂಗೀತ ಜೋರಾಗಿ, ಮಾತು ಪಿಸುಪಿಸು ಬರುತ್ತದೆ. ಮಾತು ಇರುವುದು ನಡುವಿನ ವಾಹಿನಿಯಲ್ಲಿ. ಅಚ್ಚೊತ್ತುವಾಗಲೇ ಸ್ಟೀರಿಯೋಗೆ ಇಳಿಸಿಕೊಳ್ಳಿ. ಕರೆಂಟ್ ನಂಬಬೇಡಿ, ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪಿಗೆ 1 ಕೆವಿಎ ಯುಪಿಎಸ್ ಸಾಕು. ದೀಪದ ಪ್ರೊಜೆಕ್ಟರ್ ದಿಢೀರ್ ಆರಿದರೆ ಫ್ಯಾನ್ ನಿಂತು ದೀಪ ಕಾದು ಹೋಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ.

ಕೋಟೆಬಾಗಿಲು

ಒಂದು ಬಿಟ್ಟುಹೋಗಿತ್ತು. ಚಿತ್ರದಲ್ಲಿ ಇಬ್ಬರು ಗಂಡಸರ ಚುಂಬನ ಇದೆ, ಅದನ್ನು ಹಾರಿಸಿಬಿಡೋಣ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಕತ್ತರಿಸಿದರೆ ಹಕ್ಕುದಾರರ ಅನುಮತಿಯೂ ಮುರಿಯುತ್ತದೆ, ಕಥೆಯೂ. ಇಂಡೋನೇಷ್ಯಾದ ಚಿತ್ರಮಂದಿರಗಳಲ್ಲೇ ಅದು ಬಂದಿದೆ. 2004ರ ರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ಚಿತ್ರ, ಸಕ್ತಿಯ ಪಾತ್ರಕ್ಕೆ ತೋರಾ ಸುದಿರೋಗೆ ಶ್ರೇಷ್ಠ ನಟ. ವಿಚಿತ್ರ ಅಂದರೆ ಅದೇ ವರ್ಷ ಹದಿಹರೆಯದ ಹುಡುಗ ಹುಡುಗಿಯ ಒಂದು ಚುಂಬನದ ಚಿತ್ರ ಧಾರ್ಮಿಕ ಮುಖಂಡರ ವಿರೋಧಕ್ಕೆ ಚಿತ್ರಮಂದಿರಗಳಿಂದ ವಾಪಸಾಯಿತು. ಅದರ ಹೆಸರಿನಲ್ಲೇ ‘ಬೇಗ ಮುತ್ತು ಕೊಡು’ ಅಂತ ಇತ್ತು. ಗಲಾಟೆ ಆಗುವುದು ಬಹುಪಾಲು ಪೋಸ್ಟರ್ ನೋಡಿ. ನಿಮ್ಮ ಪೋಸ್ಟರಿನಲ್ಲಿ ಚೀಟಿ ಡಬ್ಬಿ ಇರಲಿ.

ಒತ್ತಕ್ಷರ

ಆ ದೃಶ್ಯಕ್ಕೆ ಒಂದು ಸೂಚನೆ. ಅದರ ಹಿಂದಿನ ಮಾತಿನ ಸಬ್‌ಟೈಟಲನ್ನು ಶಾಟ್ ಬದಲಾಗುವ ಎರಡು ಚೌಕಟ್ಟು ಮೊದಲೇ ತೆಗೆದುಬಿಡಿ. ಇಲ್ಲದಿದ್ದರೆ ಜನ ಕೆಳಗಿನ ಸಾಲು ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಪರದೆಯ ಮೇಲೆ ಏನೂ ಇರಲ್ಲ, ಆಮೇಲೆ ಪಕ್ಕದವರನ್ನು ‘ಏನಾಯ್ತು’ ಅಂತ ಕೇಳುತ್ತಾರೆ.